ಮೂರ್ಛೆಯ ಕಾವಲಿನಲ್ಲಿ ನಾವು ಕಂಡುದು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಹಳೆಯ ವಿದ್ಯಾರ್ಥಿನಿಯರು ವಾಡಿಕೆಯಾಗಿ ಬರೆಯುವ ಆಟಪಾಠಗಳ ನೆನಪನ್ನೂ ಉಪಾಧ್ಯಾಯಿನಿಯರ ಗುಣಗಾನವನ್ನೂ ಬಿಟ್ಟು ಒಂದು ವ್ಯಾಧಿಯ ವಿಷಯವನ್ನು ಬರೆಯುವುದು ಉಚಿತವೋ ಅಲ್ಲವೋ ಎಂದು ನಾವು ಕೆಲವು ಕಾಲ ಆಲೋಚಿಸಿದೆವು. ಆದರೆ ಈ ಸಂಚಿಕೆಯನ್ನು ಓದತಕ್ಕವರು ಬಹುಮಟ್ಟಿಗೆ ಹೆಣ್ಣುಮಕ್ಕಳನ್ನು ಹೆತ್ತವರು, ಇಲ್ಲವೆ ನಾಳೆ ಸಂಸಾರದ ಭಾರವನ್ನು ಹೊರತಕ್ಕವರು. ಅವರಿಗೆ ಉಪಯೋಗವಾಗುವ ಒಂದು ಸಂಗತಿ ನಮ್ಮಲ್ಲಿರುವಾಗ ಅದನ್ನು ಬಚ್ಚಿಟ್ಟುಕೊಳ್ಳುವುದು ವಿದ್ಯೆ ಕಲಿತವರ ಲಕ್ಷಣವಲ್ಲವೆಂದು ತೋರಿದುದರಿಂದ ಲೇಖನಿಯನ್ನು ಹಿಡಿದಿರುವೆವು.

ಆ ವ್ಯಾಧಿಯು ಮೂರ್ಛೆರೋಗ. ವೈದ್ಯಗ್ರಂಥಗಳಲ್ಲಿ ಇದಕ್ಕೆ ಅಪಸ್ಮಾರವೆಂದೂ, ಹಳ್ಳಿಯ ಮಾತಿನಲ್ಲಿ ಮಲರೋಗವೆಂದೂ, ಪೇಟೆಯ ಮಾತಿನಲ್ಲಿ ಫಿಟ್ಸ್ ಎಂದೂ ಹೆಸರು. ಇದು ಎಲ್ಲಿಯೋ ಒಬ್ಬಿಬ್ಬರಿಗೆ ಬರುವ ರೋಗವೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾಕ್ಟರ್ ಗೌರಿದೇವಿಯವರೂ ಅವರ ಸಂಗಡಿಗರೂ ಬೆಂಗಳೂರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಒಂದು ಲಕ್ಷಕ್ಕೂ ಮಿಕ್ಕ ಜನರ ಲೆಕ್ಕವನ್ನು ತೆಗೆದು 2004ರಲ್ಲಿ ಪ್ರಕಟಿಸಿದರು. ಅದರಂತೆ ಸಾವಿರ ಜನರಲ್ಲಿ ಸುಮಾರು 9 ಮಂದಿಗೆ ಈ ರೋಗವುಂಟು. ಪಟ್ಟಣದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9, ಅಂದರೆ ವೈದ್ಯರು ದೂರವಿರುವ ಕಡೆಯಲ್ಲಿಯೇ ರೋಗಿಗಳು ಇಮ್ಮಡಿ. ಸಾವಿರ ಹುಡುಗಿಯರು ಕೂಡುವ ಯಾವ ಶಾಲೆಯ ಅಂಗಳದಲ್ಲಿಯೂ ಇಂಥ ಕೆಲವು ಮಕ್ಕಳು ಇದ್ದೇ ಇರುವರೆಂದು ತಿಳಿಯಬೇಕು. ಅವರ ಹೆಸರು ನಮಗೆ ಗೊತ್ತಿಲ್ಲದಿದ್ದರೆ, ಮನೆಯವರು ಹೇಳಿಲ್ಲವೆಂದು ಮಾತ್ರ ಅದರ ಅರ್ಥ.

ನಮ್ಮ ವಾಸವು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ 30 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಈ ಊರು ಕೆಂಪು ಬಾಳೆಹಣ್ಣಿಗೆ ಹೆಸರಾದುದೆಂಬುದನ್ನು ವಾಚಕರು ಬಲ್ಲರು. ನಮ್ಮ ಮಗಳಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಮೊದಲ ಮೂರ್ಛೆ ಬಂದಿತು. ಅವಳಿಗೆ ಬರುತ್ತಿದ್ದುದು ಎರಡು ಬಗೆ. ಒಂದರಲ್ಲಿ ಕೂತಲ್ಲಿಯೇ ಕಣ್ಣು ನೆಟ್ಟು, ತುಟಿಗಳನ್ನು ಚಪ್ಪರಿಸುತ್ತ, ಬಟ್ಟೆಯ ಅಂಚನ್ನು ಹಿಸುಕುತ್ತ, ಕರೆದರೆ ಓಗೊಡದೆ ಒಂದೆರಡು ನಿಮಿಷ ಇದ್ದು ಬಿಡುವಳು. ಇನ್ನೊಂದು ಎಲ್ಲರೂ ಕಂಡಿರುವ ದೊಡ್ಡ ಮೂರ್ಛೆ. ಮೈ ಸೆಟೆದು ಕೈಕಾಲು ಬಡಿಯುವುದು. ಹದಿಮೂರು ತುಂಬಿದ ಮೇಲೆ ಮತ್ತೊಂದು ಕಷ್ಟ ಸೇರಿತು. ಮುಟ್ಟಿನ ದಿನಗಳ ಹಿಂದುಮುಂದಿನಲ್ಲಿ ಮೂರ್ಛೆಗಳು ಒಂದರ ಬೆನ್ನಿಗೆ ಒಂದಾಗಿ ಮೂರು ನಾಲ್ಕು ಬರತೊಡಗಿದವು. ಇಂಥದನ್ನು ಸರಣಿ ಮೂರ್ಛೆ ಎನ್ನಬಹುದು. ಇದಕ್ಕೆ ಎಲ್ಲರೂ ಒಪ್ಪಿದ ಒಂದೇ ಲಕ್ಷಣವಿಲ್ಲ. 24 ಗಂಟೆಗಳೊಳಗೆ ಮೂರು ಅಥವಾ ಹೆಚ್ಚು ಬಂದರೆ ಸರಣಿಯೆಂದು ಎಣಿಸುವುದು ವೈದ್ಯರ ವಾಡಿಕೆಗಳಲ್ಲಿ ಒಂದು. ಸರಣಿಗೆ ಅಂಜುವುದೇಕೆಂದರೆ, ಅದು ತಡೆಯಿಲ್ಲದೆ ಮುಂದುವರಿದರೆ ನಡುವೆ ಎಚ್ಚರವೇ ಬಾರದ ಎಡೆಬಿಡದ ಮೂರ್ಛೆಯಾಗಬಹುದು. ಅದು ಪ್ರಾಣಕ್ಕೂ ಮೆದುಳಿಗೂ ಅಪಾಯ.

ನಮ್ಮ ಅತ್ತೆಯವರು ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, “ಮಂದಿಗಿ ಗೊತ್ತಾದ್ರ ಪೋರಿಗಿ ಯಾರ್ ಮಾಡ್ಕೋತಾರವ್ವಾ?” ಎಂದು ಕಣ್ಣೀರಿಡುತ್ತಿದ್ದರು. ಅವರ ಭಯವು ಪ್ರೀತಿಯಿಂದ ಹುಟ್ಟಿದುದು. ಅದನ್ನು ನಗೆಗೀಡು ಮಾಡುವುದಕ್ಕೆ ನಮಗೆ ಮನಸ್ಸಿಲ್ಲ. ಆ ಭಯದ ಮಾತನ್ನು ಮುಂದೆ ಪುನಃ ಎತ್ತಿಕೊಳ್ಳುವೆವು.

ಕಲಬುರಗಿಯ ವೈದ್ಯರು ಒಂದಾದಮೇಲೊಂದು ಔಷಧಿಯನ್ನು ಕೊಟ್ಟರು. ಹೊತ್ತುಹೊತ್ತಿಗೆ ತಪ್ಪದೆ ನುಂಗಿಸಿದರೂ ಮೂರ್ಛೆಗಳು ನಿಲ್ಲಲಿಲ್ಲ. ತಕ್ಕದ್ದಾಗಿ ಆರಿಸಿದ ಎರಡು ಔಷಧಿಗಳನ್ನು ಸರಿಯಾಗಿ ತೆಗೆದುಕೊಂಡರೂ ರೋಗ ಹತೋಟಿಗೆ ಬಾರದಿದ್ದರೆ ಅದನ್ನು ಔಷಧಿಗೆ ಬಗ್ಗದ ಮೂರ್ಛೆರೋಗವೆಂದು ಎಣಿಸಬೇಕೆಂದು ಲೋಕದ ಮೂರ್ಛೆರೋಗತಜ್ಞರ ಸಂಘವು 2010ರಲ್ಲಿ ನಿಶ್ಚಯಿಸಿದೆ. ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಇಂಥವರು. ಅಂಥವರ ಮೂರ್ಛೆ ಮೆದುಳಿನ ಯಾವ ಭಾಗದಿಂದ ಹೊರಡುತ್ತದೆಂಬುದು ತಿಳಿದರೆ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವುದುಂಟು. ಕೆನಡ ದೇಶದಲ್ಲಿ 80 ಮಂದಿ ರೋಗಿಗಳನ್ನು ಎರಡು ಪಂಗಡ ಮಾಡಿ ನೋಡಿ 2001ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಪಾಲದ ಪಕ್ಕದ ಭಾಗದಿಂದ ಮೂರ್ಛೆ ಹೊರಡುವವರ ಪೈಕಿ ಶಸ್ತ್ರಚಿಕಿತ್ಸೆಯ ಪಂಗಡಕ್ಕೆ ಸೇರಿದವರಲ್ಲಿ ನೂರಕ್ಕೆ 58 ಮಂದಿಯೂ, ಬರಿಯ ಔಷಧಿಯ ಪಂಗಡದವರಲ್ಲಿ ನೂರಕ್ಕೆ 8 ಮಂದಿಯೂ ಒಂದು ವರ್ಷದ ಕೊನೆಗೆ ಪ್ರಜ್ಞೆ ತಪ್ಪಿಸುವ ಮೂರ್ಛೆಗಳಿಂದ ಬಿಡುಗಡೆ ಹೊಂದಿದ್ದರು. ಆದುದರಿಂದ ಮಗಳನ್ನು ಬೆಂಗಳೂರಿಗೆ ಕರೆದೊಯ್ದು ಮೂರ್ಛೆಯ ಕಾವಲಿನ ವಾರ್ಡಿನಲ್ಲಿ ಇಡಬೇಕೆಂದು ಕಲಬುರಗಿಯ ವೈದ್ಯರು ಸಲಹೆಯಿತ್ತರು. ಆಗ ಅವಳಿಗೆ ಹದಿನೈದು ವರ್ಷ.

ಈ ಕಾವಲು ಎಂಬುದೇನೆಂದು ಸ್ವಲ್ಪ ವಿವರಿಸಬೇಕು. ಮೆದುಳಿನಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತಿನ ಅಲೆಗಳು ಸದಾ ಏಳುತ್ತಿರುವುವು. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲಿ ಮನುಷ್ಯನ ನೆತ್ತಿಯ ಮೇಲಿನಿಂದ ಅವನ್ನು ಮೊಟ್ಟಮೊದಲು ಬರೆದುಕೊಂಡು 1929ರಲ್ಲಿ ಪ್ರಕಟಿಸಿದರು. ಇ.ಇ.ಜಿ. ಎಂಬ ಪರೀಕ್ಷೆ ಅದೇ. ನಮ್ಮ ದೇಶದಲ್ಲಿ, ಐಡಾ ಸ್ಕಡರ್ ಅವರು 1918ರಲ್ಲಿ ಹೆಣ್ಣುಮಕ್ಕಳ ವೈದ್ಯಶಾಲೆಯಾಗಿ ಆರಂಭಿಸಿದ ವೆಲ್ಲೂರಿನ ಕಾಲೇಜಿನಲ್ಲಿ ಡಾಕ್ಟರ್ ಜೇಕಬ್ ಚಾಂಡಿಯವರು 1949ರಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗವನ್ನು ತೆರೆದು 1952ರಲ್ಲಿ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆಯನ್ನು ನಡೆಸಿದುದು ಸ್ಮರಿಸತಕ್ಕ ವಿಷಯ. ಸಾಮಾನ್ಯವಾದ ಇ.ಇ.ಜಿ. ಅರ್ಧ ತಾಸಿನಲ್ಲಿ ಮುಗಿಯುವುದು. ಆ ಅರ್ಧ ತಾಸಿನಲ್ಲಿ ಮೂರ್ಛೆ ಬರಲಿಕ್ಕಿಲ್ಲ. ಕಾವಲಿನ ವಾರ್ಡಿನಲ್ಲಾದರೋ ತಲೆಗೆ ಇಪ್ಪತ್ತಕ್ಕೂ ಹೆಚ್ಚು ತಂತಿಗಳನ್ನು ಅಂಟಿಸಿ, ಹಾಸಿಗೆಯ ಕಡೆಗೆ ಕ್ಯಾಮರಾವನ್ನು ತಿರುಗಿಸಿಟ್ಟು, ಹಗಲಿರುಳು ಹಲವು ದಿನ ನೋಡುತ್ತಿರುವರು. ಮೂರ್ಛೆ ಬಂದಾಗ ಮೈಯಲ್ಲಿ ಆದುದು ಚಿತ್ರದಲ್ಲಿಯೂ, ಮೆದುಳಿನಲ್ಲಿ ಆದುದು ಅಲೆಗಳಲ್ಲಿಯೂ ಏಕಕಾಲಕ್ಕೆ ದಾಖಲಾಗುವುದು.

ಸೇರುವುದಕ್ಕೆ ಮುಂಚೆ ವೈದ್ಯರು ಬಹಳ ಪ್ರಶ್ನೆಗಳನ್ನು ಕೇಳಿದರು. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವುದೋ ಎಂಬುದು ಅವುಗಳಲ್ಲಿ ಒಂದು. ನಮ್ಮ ನಾಡಿನಲ್ಲಿ ಹಾಗೆ ಬರುವುದು ಹೆಚ್ಚಂತೆ. ನಿಮ್ಹಾನ್ಸಿನ ಡಾಕ್ಟರ್ ಸತೀಶ್ಚಂದ್ರ ಮೊದಲಾದವರು ಅಂಥ 279 ಮಂದಿಯ ವಿಷಯವನ್ನು 1988ರಲ್ಲಿಯೇ ಪ್ರಕಟಿಸಿದ್ದಾರೆ. ನಮ್ಮ ಮಗಳದು ಆ ಬಗೆಯದಲ್ಲವೆಂದು ಗೊತ್ತಾಯಿತು.

ಆ ಮೇಲೆ ಅವರು ಹೇಳಿದ ಮಾತು ನಮ್ಮನ್ನು ತಲ್ಲಣಗೊಳಿಸಿತು. ಮೂರ್ಛೆಯನ್ನು ನೋಡಬೇಕಾದರೆ ಅದು ಬರಬೇಕು. ಬರಬೇಕಾದರೆ ಔಷಧಿಯನ್ನು ತಗ್ಗಿಸಬೇಕು. ಬೇಕಾದರೆ ಒಂದು ರಾತ್ರಿ ನಿದ್ರೆಯನ್ನೂ ಕಡಮೆ ಮಾಡಬೇಕು! ನಾಲ್ಕು ವರ್ಷ ಗಡಿಯಾರವನ್ನು ನೋಡಿ ಗುಳಿಗೆ ನುಂಗಿಸಿದ ತಾಯಿಯ ಕೈಯಿಂದ ಆ ಗುಳಿಗೆಯನ್ನು ತೆಗೆದುಕೊಂಡು “ಇದನ್ನು ಅರ್ಧ ಮಾಡುತ್ತೇವೆ” ಎಂದರೆ ಅವಳ ಮನಸ್ಸು ಹೇಗಾಗಬೇಡ? ಒಂದು ಮೂರ್ಛೆಯನ್ನು ಕರೆಯಲು ಹೋಗಿ ಸರಣಿಯೇ ಬಂದುಬಿಟ್ಟರೆ ಗತಿಯೇನೆಂದು ಕೇಳಿದೆವು. ವೈದ್ಯರು ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. “ಬರಬಹುದಮ್ಮ. ಇಲ್ಲಿ ಅದೇ ಮುಖ್ಯವಾದ ಅಪಾಯ. ಅದು ಬಂದ ಮೇಲೆ ಏನು ಮಾಡಬೇಕೆಂದು ಆಲೋಚಿಸುತ್ತ ಕೂತರೆ ಕೆಲಸ ಕೆಡುತ್ತದೆ. ಆದ್ದರಿಂದ ಈಗಲೇ ಬರೆದಿಟ್ಟುಕೊಳ್ಳೋಣ” ಎಂದು ಒಂದು ಕಾಗದವನ್ನು ತೆಗೆದರು.

ಆ ಕಾಗದದಲ್ಲಿ ಬರೆದುದು ಇಷ್ಟು. ಎರಡು ಔಷಧಿಗಳಲ್ಲಿ ಒಂದನ್ನು ಮಾತ್ರ, ಅದನ್ನೂ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ತಗ್ಗಿಸತಕ್ಕದ್ದು. ಕೈಯ ರಕ್ತನಾಳದಲ್ಲಿ ಸೂಜಿಯ ಕೊಳವೆ ಸದಾ ಸಿದ್ಧವಾಗಿರತಕ್ಕದ್ದು. ರೋಗಿಯು ಒಬ್ಬಳೇ ಮಂಚದಿಂದ ಇಳಿಯಕೂಡದು. ಬಚ್ಚಲಿಗೂ ಸಂಗಡ ಒಬ್ಬರು ಬೇಕು. ಯಾವ ಮೂರ್ಛೆಯಾದರೂ 5 ನಿಮಿಷ ದಾಟಿದರೆ, ಅಥವಾ ಒಂದು ದಿನದಲ್ಲಿ ಎರಡು ದೊಡ್ಡ ಮೂರ್ಛೆಗಳು ಬಂದರೆ, ಅಥವಾ 6 ತಾಸುಗಳಲ್ಲಿ ಯಾವ ಬಗೆಯದಾದರೂ ಮೂರು ಬಂದರೆ, ಇನ್ನು ನೋಡತಕ್ಕದ್ದು ಸಾಕೆಂದು ತಡೆಯುವ ಔಷಧಿಯನ್ನು ರಕ್ತಕ್ಕೆ ಕೊಟ್ಟು, ತಗ್ಗಿಸಿದ ಔಷಧಿಯನ್ನು ಪುನಃ ಏರಿಸತಕ್ಕದ್ದು. ಈ ಮಿತಿಗಳು ನಮ್ಮ ಮಗಳಿಗಾಗಿ ಗೊತ್ತುಮಾಡಿದವು. ಬೇರೆ ರೋಗಿಗೆ ಬೇರೆಯಾಗಬಹುದು. ಕಾಗದವನ್ನು ಓದಿ ಮಗಳೇ ಮೊದಲು “ಆಗಲಿ” ಎಂದಳು. ಅನಂತರ ನಾವು ರುಜು ಹಾಕಿದೆವು.

ಮೊದಲೆರಡು ದಿನ ಏನೂ ಬರಲಿಲ್ಲ. ಮಂಚದ ಸುತ್ತಲಿನ ಸರಳುಗಳಿಗೆ ಮೆತ್ತೆ ಕಟ್ಟಿದ್ದರು. ತಲೆಯ ಬಳಿ ಆಮ್ಲಜನಕದ ಕೊಳವೆಯೂ ಬಾಯಿಯ ಜೊಲ್ಲನ್ನು ಹೀರುವ ಯಂತ್ರವೂ ಇದ್ದವು. ನಮ್ಮ ಕೈಗೆ ಒಂದು ಗುಂಡಿಯನ್ನು ಕೊಟ್ಟು, ಸ್ವಲ್ಪ ವ್ಯತ್ಯಾಸ ಕಂಡರೂ ಒತ್ತಬೇಕೆಂದೂ, ಹೊದಿಕೆಯನ್ನು ಸರಿಸಬೇಕೆಂದೂ, ಕ್ಯಾಮರಾಕ್ಕೆ ಅಡ್ಡವಾಗಿ ನಿಲ್ಲಬಾರದೆಂದೂ ಹೇಳಿದ್ದರು. ತಾಯಿಯಾದವಳಿಗೆ ಕೊನೆಯ ಮಾತನ್ನು ನಡೆಸುವುದು ಬಲು ಕಷ್ಟ. ಮಗಳ ಮೇಲೆ ಬಾಗದೆ ಇರುವುದನ್ನು ಕಲಿಯಬೇಕಾಯಿತು.

ಮೂರನೆಯ ರಾತ್ರಿ 11 ಗಂಟೆ 40 ನಿಮಿಷಕ್ಕೆ ಮೊದಲನೆಯದು ಬಂದಿತು. ಗುಂಡಿಯೊತ್ತಿದ ಕ್ಷಣದಲ್ಲಿ ದಾದಿಯು ಬಂದು ಗಡಿಯಾರವನ್ನು ನೋಡಿ ವೇಳೆಯನ್ನು ಗಟ್ಟಿಯಾಗಿ ಹೇಳಿದರು. ಅನಂತರ, “ನಿನ್ನ ಹೆಸರೇನು? ಈ ವಸ್ತು ಯಾವುದು? ಎರಡೂ ಕೈ ಎತ್ತು. ಮಾವಿನಕಾಯಿ ಎಂಬ ಮಾತನ್ನು ನೆನಪಿಟ್ಟುಕೋ” ಎಂದು ಒಂದೊಂದಾಗಿ ಕೇಳಿದರು. ಮಗಳಿಗೆ ಉತ್ತರ ಹೇಳಲಾಗಲಿಲ್ಲ. ಆದರೆ ಯಾವ ಪ್ರಶ್ನೆಗೆ ಯಾವಾಗ ಉತ್ತರ ನಿಂತಿತು, ಯಾವಾಗ ಮರಳಿತು ಎಂಬುದರಿಂದಲೂ ವೈದ್ಯರು ಮೆದುಳಿನ ಭಾಗವನ್ನು ಊಹಿಸುವರಂತೆ. 1 ಗಂಟೆ 55 ನಿಮಿಷಕ್ಕೆ ಎರಡನೆಯದು. 3 ಗಂಟೆ 20 ನಿಮಿಷಕ್ಕೆ ಮೂರನೆಯದು. ಅದು ಸಣ್ಣದಾಗಿ ಆರಂಭವಾಗಿ ದೊಡ್ಡದಾಗಿ ಬೆಳೆಯಿತು. ಅವಳನ್ನು ಮಗ್ಗುಲಿಗೆ ಹೊರಳಿಸಿ, ಜೊಲ್ಲನ್ನು ತೆಗೆದು, ಆಮ್ಲಜನಕವನ್ನು ಹಿಡಿದರು. ಎರಡು ನಿಮಿಷಕ್ಕೆ ಅದು ತಾನಾಗಿ ನಿಂತಿತು. ಮೂರೆಂಬ ಮಿತಿ ಮುಟ್ಟಿತ್ತು. ಯಾರೂ ಚರ್ಚಿಸಲಿಲ್ಲ, ಯಾರನ್ನೂ ಹುಡುಕಿಕೊಂಡು ಓಡಲಿಲ್ಲ; ಕಾಗದದಲ್ಲಿ ಬರೆದಿದ್ದಂತೆ ಲೊರಾಜೆಪಾಮ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ಅವಳ ಉಸಿರಾಟವನ್ನು ನೋಡುತ್ತ ಕೂತರು. ನಾಲ್ಕನೆಯದು ಬರಲಿಲ್ಲ. ಬೆಳಗಾಗುವಷ್ಟರಲ್ಲಿ ತಗ್ಗಿಸಿದ ಔಷಧಿಯನ್ನು ಏರಿಸಿದರು.

ತಡವಿಲ್ಲದೆ ಏತಕ್ಕೆ ಕೊಟ್ಟಿರೆಂದು ಮಾರನೆಯ ದಿನ ಕೇಳಿದಾಗ ವೈದ್ಯರು ಹೇಳಿದುದು ನಮಗೆ ಬಹಳ ಸ್ವಾರಸ್ಯವಾಗಿ ತೋರಿತು. ಮೆದುಳಿಗೆ ತನ್ನದೇ ಆದ ಕಡಿವಾಣವುಂಟು. ಉದ್ರೇಕಗೊಂಡ ನರಕೋಶಗಳನ್ನು ಶಾಂತಗೊಳಿಸುವ ಒಂದು ದ್ರವ್ಯವನ್ನು ಅದು ತಾನೇ ಮಾಡಿಕೊಳ್ಳುವುದು. ಲೊರಾಜೆಪಾಮ್ ಮೊದಲಾದವು ಆ ದ್ರವ್ಯದ ಶಕ್ತಿಯನ್ನು ಹೆಚ್ಚಿಸುವುವು. ಮೂರ್ಛೆಯು ನಿಲ್ಲದೆ ನಡೆದಷ್ಟೂ ಆ ದ್ರವ್ಯವನ್ನು ಹಿಡಿಯತಕ್ಕ ಬಾಗಿಲುಗಳು ಕೋಶದೊಳಕ್ಕೆ ಸೇರಿಕೊಳ್ಳುವುದರಿಂದ, ಮೊದಲು ಕೆಲಸಮಾಡಬಹುದಾಗಿದ್ದ ಔಷಧಿಯು ತಡವಾದ ಮೇಲೆ ಅಷ್ಟು ಕೆಲಸಮಾಡದು. ಆದುದರಿಂದಲೇ 5 ನಿಮಿಷವೆಂಬ ಗೆರೆ.

ಸರಣಿ ನಿಂತ ಮೇಲೂ ಕಾವಲು ಮುಗಿಯುವುದಿಲ್ಲ. ಒಂದೆರಡು ದಿನ ಚೆನ್ನಾಗಿದ್ದು ಆ ಮೇಲೆ ಕೆಲವರಲ್ಲಿ ಬುದ್ಧಿಭ್ರಮಣೆ, ನಿದ್ರೆಗೇಡು, ಇಲ್ಲದ ಸಂಶಯಗಳು ತೋರುವುದುಂಟಂತೆ. ಅದನ್ನು ಗಾಳಿಯ ಸೋಂಕೆಂದು ತಿಳಿಯದೆ ವೈದ್ಯರಿಗೆ ತಿಳಿಸಬೇಕು. ದೇವರ ದಯೆಯಿಂದ ನಮ್ಮ ಮಗಳಿಗೆ ಅಂಥದೇನೂ ಆಗಲಿಲ್ಲ.

ಆ ಮೂರೂ ಮೂರ್ಛೆಗಳು ಮೆದುಳಿನ ಎಡ ಪಕ್ಕದಿಂದ ಹೊರಟಿದ್ದವು. ನಾವು ಆಸೆಗೊಂಡೆವು. ಆದರೆ ವೈದ್ಯರು, ಕೆಲವೇ ತಾಸುಗಳ ಅಂತರದಲ್ಲಿ ಬಂದವು ಬಹುಮಟ್ಟಿಗೆ ಒಂದೇ ಕಡೆಯಿಂದ ಹೊರಡುವುವೆಂದೂ, ಅದು ಒಬ್ಬನೇ ಸಾಕ್ಷಿ ಮೂರು ಸಲ ನುಡಿದಂತೆಯೇ ಹೊರತು ಮೂವರು ಸಾಕ್ಷಿಗಳಲ್ಲವೆಂದೂ ಹೇಳಿ ಇನ್ನೂ ಕಾದರು. ಆರನೆಯ ದಿನ ಒಂದು ಬಂದಿತು; ಅದು ಬಲ ಪಕ್ಕದ್ದು. ಇನ್ನೆರಡು ದಿನದ ಮೇಲೆ ಮತ್ತೊಂದು, ಅದೂ ಬಲದ್ದೇ. ಎರಡು ಪಕ್ಕಗಳಿಂದಲೂ ಹೊರಡುವ ಮೂರ್ಛೆಗೆ ಶಸ್ತ್ರಚಿಕಿತ್ಸೆಯು ತಕ್ಕದ್ದಲ್ಲವೆಂದು ವೈದ್ಯರು ಕೂಡಿ ನಿಶ್ಚಯಿಸಿದರು. ಒಂಬತ್ತನೆಯ ದಿನ ರಾತ್ರಿಯ ರೈಲಿನಲ್ಲಿ ಕಲಬುರಗಿಗೆ ಹೊರಟೆವು. ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಹಾಗಾದರೆ ಹೋದ ಕಾರ್ಯ ವ್ಯರ್ಥವಾಯಿತೇ ಎಂದು ವಾಚಕರು ಕೇಳಬಹುದು. ಬಂಧುಗಳೂ ಹಾಗೆಯೇ ಕೇಳಿದರು. ಇಲ್ಲವೆಂದು ನಾವು ದೃಢವಾಗಿ ಹೇಳಬಲ್ಲೆವು. ಸರಣಿಯ ವೇಳೆಯೂ ಬಗೆಯೂ ತಿಳಿದುದರಿಂದ ಔಷಧಿಯನ್ನು ಬದಲಾಯಿಸಿದರು; ಮುಟ್ಟಿನ ದಿನಗಳಿಗೆ ಮಾತ್ರ ಹೆಚ್ಚಾಗಿ ಕ್ಲೊಬಜಾಮ್ ಎಂಬ ಗುಳಿಗೆಯನ್ನು ಗೊತ್ತುಮಾಡಿದರು. ಅದಕ್ಕಿಂತಲೂ ಮಿಗಿಲಾಗಿ, ಆ ವಾರ್ಡಿನ ಕಾಗದದ ಮಾದರಿಯಲ್ಲಿಯೇ ಮನೆಗೆಂದು ಇನ್ನೊಂದು ಕಾಗದವನ್ನು ಬರೆದುಕೊಟ್ಟರು. ಆಸ್ಪತ್ರೆಯ ಯಂತ್ರಗಳನ್ನು ಕಮಲಾಪುರಕ್ಕೆ ತರಲಾಗದು. ಗಡಿಯಾರ, ಮಿತಿ, ಯಾರು ಏನು ಮಾಡಬೇಕೆಂಬ ಹಂಚಿಕೆ, ಇಷ್ಟನ್ನು ತರಬಹುದು.

ಆ ಕಾಗದವು ನಮ್ಮ ಅಡಿಗೆಮನೆಯ ಗೋಡೆಯ ಮೇಲಿದೆ. ಮೂರ್ಛೆ ಬಂದೊಡನೆ ಒಬ್ಬರು ವೇಳೆ ಬರೆದುಕೊಳ್ಳಬೇಕು. ಇನ್ನೊಬ್ಬರು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದನ್ನಿಟ್ಟು, ಕೊರಳಿನ ಬಟ್ಟೆಯನ್ನು ಸಡಿಲಿಸಬೇಕು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಬಾಯಲ್ಲಿ ಚಮಚವನ್ನಾಗಲಿ ಬಟ್ಟೆಯನ್ನಾಗಲಿ ತುರುಕಬಾರದು. ಪೂರ್ಣ ಎಚ್ಚರವಾಗುವ ತನಕ ನೀರು ಹಾಕಬಾರದು. ಕೈಯಲ್ಲಿ ಬೀಗದ ಕೈಗಳ ಗೊಂಚಲನ್ನಿಡುವುದು, ಉಳ್ಳಾಗಡ್ಡಿ ಅಥವಾ ಚಪ್ಪಲಿಯನ್ನು ಮೂಸಿಸುವುದು, ಇವುಗಳಿಂದ ಯಾವ ಪ್ರಯೋಜನವೂ ಇಲ್ಲ. ಬಹಳ ಮೂರ್ಛೆಗಳು ಒಂದೆರಡು ನಿಮಿಷದಲ್ಲಿ ತಾವಾಗಿಯೇ ನಿಲ್ಲುವುದರಿಂದ ಆ ಕೀರ್ತಿ ಬೀಗದ ಕೈಗೆ ಸಂದಿದೆ. 5 ನಿಮಿಷ ದಾಟಿದರೆ, ಇಲ್ಲವೆ ಒಂದರಿಂದ ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ವೈದ್ಯರು ತೂಕಕ್ಕೆ ತಕ್ಕಂತೆ ಬರೆದುಕೊಟ್ಟ ಮಿಡಾಜೊಲಾಮ್ ಔಷಧಿಯನ್ನು ಮೂಗಿಗೆ ಸಿಂಪಡಿಸಿ 108ಕ್ಕೆ ಫೋನ್ ಮಾಡಬೇಕು. ಕಲಬುರಗಿಗೆ ಮುಟ್ಟುವ ವೇಳೆಯಲ್ಲಿ ಆ 5 ನಿಮಿಷ ಎಷ್ಟೋ ಸಲ ಕಳೆದುಹೋಗುವುದರಿಂದ, ನಮ್ಮಂಥ ಊರಿನವರಿಗೆ ಈ ಸಿಂಪಡಿಕೆ ಬಹು ದೊಡ್ಡ ಆಸರೆ. ಕಾಗದದ ಒಂದು ಪ್ರತಿಯನ್ನು ಅವಳ ತರಗತಿಯ ಉಪಾಧ್ಯಾಯಿನಿಗೂ ಕೊಟ್ಟೆವು. ಅದನ್ನು ಅವರು ಓದಿ, ಮಡಿಸಿ, ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡರು. ಮಗಳನ್ನು ಮೊದಲಿನ ಬೆಂಚಿನಿಂದ ಕದಲಿಸಲಿಲ್ಲ. ಅವಳು ಆ ವರ್ಷದ ಪರೀಕ್ಷೆಗೆ ಕೂತು ತೇರ್ಗಡೆಯಾದಳು. ಮೂರ್ಛೆಗಳು ಈಗಲೂ ಬರುವುವು. ಸರಣಿಯು ಮಾತ್ರ ಮನೆಯಲ್ಲಿಯೇ ಎರಡು ಸಲ ತಡೆಯಲ್ಪಟ್ಟಿತು.

ಇನ್ನು ಅತ್ತೆಯವರ ಭಯದ ವಿಷಯ. 1955ರ ಹಿಂದೂ ವಿವಾಹ ಶಾಸನದಲ್ಲಿ ಮೂರ್ಛೆರೋಗವನ್ನು ವಿವಾಹಕ್ಕೆ ಅಡ್ಡಿಯೆಂದು ಸೇರಿಸಿದ್ದ ಮಾತನ್ನು 1999ರಲ್ಲಿ ತೆಗೆದುಹಾಕಲಾಯಿತು; ವಿಶೇಷ ವಿವಾಹ ಶಾಸನದಿಂದಲೂ ತೆಗೆದರು. ಶಾಸನ ಬಿಟ್ಟರೂ ಜನರ ಮನಸ್ಸು ಬಿಟ್ಟಿಲ್ಲ. ಆದುದರಿಂದ ಎಷ್ಟೋ ಮನೆಗಳಲ್ಲಿ ರೋಗವನ್ನು ಮುಚ್ಚಿಟ್ಟು ಮದುವೆ ಮಾಡುವರು. ಅತ್ತೆಯ ಮನೆಗೆ ಹೋದ ಹುಡುಗಿಯು ಗುಳಿಗೆಯ ಡಬ್ಬಿಯನ್ನು ಯಾರಾದರೂ ಕಂಡಾರೆಂದು ಅಂಜಿ ಔಷಧಿಯನ್ನು ನಿಲ್ಲಿಸುವಳು. ಮದುವೆಯ ಗದ್ದಲದಲ್ಲಿ ನಿದ್ರೆಯೂ ಇರುವುದಿಲ್ಲ. ಪ್ರಿಯ ಸೋದರಿಯರೇ, ಇಲ್ಲಿ ಸ್ವಲ್ಪ ಆಲೋಚಿಸಿ ನೋಡಿರಿ. ಔಷಧಿಯನ್ನು ತಗ್ಗಿಸುವುದು, ನಿದ್ರೆಯನ್ನು ಕೆಡಿಸುವುದು, ಇವು ಮೂರ್ಛೆಯನ್ನು ಬೇಕೆಂದೇ ಕರೆಯುವುದಕ್ಕಾಗಿ ವಾರ್ಡಿನಲ್ಲಿ ಮಾಡುವ ಉಪಾಯಗಳೆಂದು ಮೇಲೆ ಹೇಳಿದೆವಷ್ಟೆ. ಅಲ್ಲಿ ಮೆತ್ತೆ ಕಟ್ಟಿದ ಮಂಚವಿತ್ತು, ಕೈಯಲ್ಲಿ ಸೂಜಿಯ ಕೊಳವೆಯಿತ್ತು, ಬಾಗಿಲಲ್ಲಿ ದಾದಿಯಿದ್ದರು, ಮಿತಿ ಬರೆದ ಕಾಗದವಿತ್ತು. ಆ ಬಡಹುಡುಗಿಯು ಅದೇ ಪ್ರಯೋಗವನ್ನು ಒಲೆಯ ಮುಂದೆಯೂ ಬಾವಿಯ ದಂಡೆಯಲ್ಲಿಯೂ ಯಾರ ಕಾವಲೂ ಇಲ್ಲದೆ ನಡೆಸುತ್ತಿರುವಳು. ಗುಟ್ಟಿನ ಬೆಲೆಯು ಇಷ್ಟೊಂದು.

ಆದುದರಿಂದ ತಾಯಂದಿರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಮಗಳಿಗೆ ಈ ರೋಗವಿದ್ದರೆ ಮಾತುಕತೆಯ ಕಾಲದಲ್ಲಿಯೇ ಹೇಳಿರಿ. ಔಷಧಿಯನ್ನು ವೈದ್ಯರ ಅಪ್ಪಣೆಯಿಲ್ಲದೆ ಒಂದು ದಿನವೂ ನಿಲ್ಲಿಸಬೇಡಿರಿ. ಗರ್ಭ ಧರಿಸುವುದಕ್ಕೆ ಮುಂಚೆಯೇ ವೈದ್ಯರನ್ನು ಕಾಣಬೇಕು. ಏಕೆಂದರೆ ವಾಲ್‌ಪ್ರೊಯೇಟ್ ಎಂಬ ಔಷಧಿಯು ಗರ್ಭದ ಶಿಶುವಿಗೆ ಕೆಡುಕು ಮಾಡಬಲ್ಲದು, ಅದನ್ನು ಮೊದಲೇ ಬದಲಾಯಿಸಬೇಕಾದೀತು. ಈ ರೋಗವುಳ್ಳ ಹೆಂಗಸರಲ್ಲಿ ಬಹುಮಂದಿ ಆರೋಗ್ಯವಾದ ಮಕ್ಕಳನ್ನು ಹೆರುವರು.

ನಮ್ಮ ಮಗಳ ಮದುವೆಯ ಮಾತು ಇನ್ನೂ ಬಂದಿಲ್ಲ, ಅವಳು ಓದುತ್ತಿರುವಳು. ಬಂದಾಗ ಗೋಡೆಯ ಮೇಲಿನ ಕಾಗದವನ್ನು ತೆಗೆದಿರಿಸುವುದಿಲ್ಲವೆಂದು ಅತ್ತೆಯವರೇ ಹೇಳಿದ್ದಾರೆ. ಅವರಿಗೆ ಓದು ಬಾರದು. ಆದರೆ ಗಡಿಯಾರದ ದೊಡ್ಡ ಮುಳ್ಳು ಒಂದು ಅಂಕಿಯಿಂದ ಮುಂದಿನ ಅಂಕಿಗೆ ಹೋದರೆ 5 ನಿಮಿಷವೆಂಬುದನ್ನು ಮೊಮ್ಮಗಳಿಂದ ಕಲಿತುಕೊಂಡಿದ್ದಾರೆ.

ಇದನ್ನು ಓದುವ ಉಪಾಧ್ಯಾಯಿನಿಯರು ತಮ್ಮ ತರಗತಿಯಲ್ಲಿಯೂ, ಹಳೆಯ ವಿದ್ಯಾರ್ಥಿನಿಯರು ತಮ್ಮ ಮನೆಗಳಲ್ಲಿಯೂ ಇಂಥ ಮಕ್ಕಳನ್ನು ಕಂಡರೆ ಅಂಜದೆ ಬಳಿಗೆ ಹೋಗಿ ವೇಳೆಯನ್ನು ನೋಡುವವರಾಗಲಿ. ಇಷ್ಟಾದರೆ ನಮ್ಮ ಈ ಅಲ್ಪ ಲೇಖನದ ಪ್ರಯಾಸವು ಸಾರ್ಥಕವಾದಂತೆ ಭಾವಿಸುವೆವು.